ಹಗುರಾದ ಚೀಲ

ನಡು ಮಧ್ಯಾಹ್ನದ ಬಿಸಿಲು ಉತ್ತರದಿಂದ ಬೀಳುವ ನಾಡಿನಲ್ಲಿ ದಾರಿ ತಪ್ಪುವುದು ಬಹಳ ಸುಲಭ. ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗುವ ಮುಂಚೆ ಇದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಆದರೂ ಮೊದಲ ದಿನವೇ ಬೆನ್ನಿಗೆ ಬಿಸಿಲು ಬಿದ್ದಾಗ ಉತ್ತರಕ್ಕೆ ಹೋಗುತ್ತಿದ್ದೇನೆ ಎಂದುಕೊಂಡು ಅರ್ಧ ಗಂಟೆ ದಕ್ಷಿಣಕ್ಕೆ ನಡೆದೆ. ನನ್ನ ಹಿಂದೆ ಇನ್ನೂ ಮೂವರು ನಡೆದರು. ನಡೆಯಲೇಬೇಕಿತ್ತು. ನಾಲ್ವರೂ ಬಿಟ್ಟಗಲದೆ ಒಟ್ಟಿಗೇ ಇರಬೇಕು ಅನ್ನುವುದು ಈ ಆಟದ ಮೊದಲ ನಿಯಮ.

ಆಟ ಅಂದರೆ ಅಡ್ವೆಂಚರ್ ರೇಸ್. ನಾಲ್ಕು ಜನರ ತಂಡ, ಅದರಲ್ಲಿ ಗಂಡಸರೂ ಹೆಂಗಸರೂ ಇರಬೇಕು. ನಡಿಗೆ, ಸೈಕಲ್, ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಒಂದರ ಹಿಂದೆ ಒಂದು, ಹಗಲು ರಾತ್ರಿ. ಗಡಿಯಾರ ನಿಲ್ಲುವುದೇ ಇಲ್ಲ. ಎಷ್ಟು ಹೊತ್ತು ಮಲಗಬೇಕು ಅನ್ನುವುದು ನಿಮ್ಮ ಲೆಕ್ಕ. ಫ್ರೆಂಚರು ಶುರುಮಾಡಿದ ರೇಡ್ ಗೊಲ್ವಾಝ್ ಎಂಬ ಇಂಥದೇ ದೊಡ್ಡ ರೇಸ್ 1989ರಲ್ಲಿ ಮೊದಲ ಸಲ ನಡೆದದ್ದು ನ್ಯೂಜಿಲೆಂಡಿನಲ್ಲೇ. ಆ ಬೆಟ್ಟಗಳನ್ನು ನೋಡಿದ ಮೇಲೆ ಯಾಕೆ ಎಂದು ಕೇಳಬೇಕಾಗಲಿಲ್ಲ. ನಮ್ಮದು ಅಷ್ಟು ದೊಡ್ಡದಲ್ಲ, ಐದು ದಿನದ್ದು. ಓಹೌ ಕೆರೆಯಿಂದ ಹಾವೆಯಾ ಕೆರೆಗೆ.

ನಮ್ಮ ತಂಡದ ನಾಯಕಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ನಾಲ್ಕನೆಯವನು ಅಲ್ಲಿನವನು, ಕನ್ನಡ ಬಾರದವನು. ಅವನೂ ಎರಡನೇ ದಿನದ ಹೊತ್ತಿಗೆ ‘ಅಕ್ಕಾ’ ಎನ್ನತೊಡಗಿದ್ದ. ಮೂರನೆಯವನು ನನ್ನ ಹಳೇ ಗೆಳೆಯ. ನಕ್ಷೆ ನೋಡುವ ಕೆಲಸ ನನ್ನದು. ಮೇಲೆ ಹೇಳಿದ ಅರ್ಧ ಗಂಟೆಯ ನಂತರ ಅದು ಗೆಳೆಯನ ಪಾಲಾಯಿತು.

ನನ್ನ ಕಂಪಾಸಿನದೂ ತಪ್ಪಿತ್ತು, ಅದನ್ನು ಹೇಳಿಬಿಡುತ್ತೇನೆ. ಉತ್ತರಾರ್ಧ ಗೋಳಕ್ಕೆಂದು ತೂಗಿಸಿ ಮಾಡಿದ ಕಂಪಾಸಿನ ಮುಳ್ಳು ಅಷ್ಟು ದಕ್ಷಿಣದಲ್ಲಿ ಮಟ್ಟಸವಾಗಿ ನಿಲ್ಲುವುದಿಲ್ಲ. ಓರೆಯಾಗಿ ಗಾಜಿಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಅಲ್ಲಿ ಕಂಪಾಸ್ ತೋರಿಸುವ ಉತ್ತರ ನಿಜವಾದ ಉತ್ತರಕ್ಕಿಂತ 20 ಡಿಗ್ರಿಗೂ ಜಾಸ್ತಿ ಪೂರ್ವಕ್ಕಿದೆ. ಅದನ್ನು ಕಳೆಯಲು ಮರೆತು ಒಂದು ಕಿಲೋಮೀಟರ್ ನಡೆದರೆ ಸೇರಬೇಕಾದ ಜಾಗದಿಂದ 350 ಮೀಟರಿಗಿಂತ ದೂರ ನಿಂತಿರುತ್ತೀರಿ. ಜಿಪಿಎಸ್ ಇಟ್ಟುಕೊಳ್ಳುವಂತಿಲ್ಲ. ಚೀಲದಲ್ಲಿ ಒಂದು ಟ್ರ್ಯಾಕರ್ ಇರುತ್ತದೆ, ಆದರೆ ಅದು ನಾವೆಲ್ಲಿದ್ದೇವೆಂದು ಬೇರೆಯವರಿಗೆ ಹೇಳುತ್ತದೆಯೇ ಹೊರತು ನಮಗಲ್ಲ. ಅದರ ಕೆಂಪು ಗುಂಡಿ ಒತ್ತಿದರೆ ಹೆಲಿಕಾಪ್ಟರ್ ಬರುತ್ತದೆ, ಆಟ ಮುಗಿಯುತ್ತದೆ.

ಸೋಮವಾರ ಬೆಳಿಗ್ಗೆ ಕಯಾಕಿನಲ್ಲಿ ಓಹೌ ಕೆರೆಯ ತಲೆಯ ಕಡೆಗೆ ಹೊರಟೆವು. ಅಲ್ಲಿಂದ ಹಾಪ್ಕಿನ್ಸ್ ಕಣಿವೆ ಹತ್ತಿದೆವು. ಸಂಜೆ ಹೊತ್ತಿಗೆ ನಾನು ಹಿಂದೆ ಬೀಳತೊಡಗಿದ್ದೆ. ನಾಲ್ವರಿಗೂ ಸೇರಿದ ಸಾಮಾನುಗಳಲ್ಲಿ ಟೆಂಟು ನನ್ನ ಪಾಲಿಗೆ ಬಂದಿತ್ತು.

“ಕೊಡಿಲ್ಲಿ, ಸ್ವಲ್ಪ ಹೊತ್ತು ನಾನು ಹೊರ್ತೀನಿ” ಅಂದರು ಅಕ್ಕ.

“ಬೇಡ ಅಕ್ಕ, ಆಗತ್ತೆ.”

“ಆಗತ್ತೆ ಅಂತ ಹೇಳೋವ್ರು ಈ ಥರ ಉಸಿರು ಬಿಡಲ್ಲಪ್ಪ.”

ಆದರೂ ಕೊಡಲಿಲ್ಲ. ನಿಧಾನಕ್ಕೆ ನಡೆಯುವವನ ವೇಗವೇ ತಂಡದ ವೇಗ, ಹಾಗಾಗಿ ಭಾರವನ್ನು ಹಂಚಿ ಎಲ್ಲರನ್ನೂ ಒಂದೇ ವೇಗಕ್ಕೆ ತರುವುದು ಈ ಆಟದಲ್ಲಿ ಮಾಮೂಲು. ಒಳ್ಳೆಯ ತಂಡಗಳಲ್ಲಿ ಮುಂದಿನವನ ಚೀಲಕ್ಕೆ ಹಗ್ಗ ಕಟ್ಟಿ ಹಿಂದಿನವನನ್ನು ಎಳೆದುಕೊಂಡೇ ಹೋಗುತ್ತಾರೆ. ಇದೆಲ್ಲ ಗೊತ್ತಿದ್ದೂ ನನಗೆ ಮನಸ್ಸು ಬರಲಿಲ್ಲ.

ಮಂಗಳವಾರ ಹೊಳೆ ನಮ್ಮನ್ನು ತಡೆಯಿತು. ಹಾಪ್ಕಿನ್ಸ್ ಒಂದೇ ಧಾರೆಯಲ್ಲಿ ಹರಿಯುವ ಹೊಳೆಯಲ್ಲ. ಅಗಲವಾದ ಕಲ್ಲುಹಾಸಿನ ಮೇಲೆ ಜಡೆಯ ಎಳೆಗಳಂತೆ ಬಿಚ್ಚಿಕೊಂಡು ಹರಿಯುತ್ತದೆ. ನಮ್ಮ ತಲೆಯ ಮೇಲೆ ಒಂದು ಮೋಡ ಇರಲಿಲ್ಲ, ಆದರೆ ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಹತ್ತು ಗಂಟೆಗೆ ತೊಡೆ ಮುಟ್ಟುತ್ತಿತ್ತು, ಬಣ್ಣವೂ ಬೂದಿಯಾಗಿತ್ತು. ವಾಯುವ್ಯದ ಗಾಳಿ ಬೀಸಿದಾಗ ಮಳೆಯೆಲ್ಲ ಕಣಿವೆಯ ತುದಿಯ ಎತ್ತರದ ಬೆಟ್ಟಗಳಲ್ಲಿ ಸುರಿಯುತ್ತದೆ. ಕೆಳಗೆ ನಿಂತವರಿಗೆ ಬಿಸಿಲು, ನೀರು ಮಾತ್ರ ಏರುತ್ತಲೇ ಇರುತ್ತದೆ. ಅಲ್ಲಿನ ಹುಡುಗ ತುಂಬಾ ಹೊತ್ತು ದಡದಲ್ಲೇ ಮೇಲೆ ಕೆಳಗೆ ಓಡಾಡಿ ಜಾಗ ಹುಡುಕಿದ. ಧಾರೆಗಳು ಹೆಚ್ಚು ಕವಲೊಡೆದಿರುವ ಜಾಗ ಬೇಕು. ಸಪುರವಾಗಿ, ನುಣ್ಣಗೆ ಕಾಣುವ ಜಾಗವೇ ಆಳ. ಕೊನೆಗೆ ಒಬ್ಬರ ಬೆನ್ನ ಹಿಂದೆ ಒಬ್ಬರು ಕೈ ತೂರಿಸಿ ಚೀಲ ಹಿಡಿದು ಸಾಲಾಗಿ ಇಳಿದೆವು. ಎಲ್ಲರಿಗಿಂತ ಬಲಶಾಲಿಯಾದವನು ನೀರು ಬರುವ ಕಡೆಗೆ. ಅಲ್ಲಿ ಅವನು, ಆಮೇಲೆ ಅಕ್ಕ, ಆಮೇಲೆ ನಾನು. ಕಾಲ ಕೆಳಗೆ ಕಲ್ಲುಗಳು ಉರುಳುವ ಸದ್ದು ನೀರಿನ ಒಳಗಿಂದ ಕೇಳುತ್ತಿತ್ತು. ಐದು ಧಾರೆ ದಾಟಿದ ಮೇಲೆ ಯಾರೂ ಮಾತಾಡಲಿಲ್ಲ.

ಆಮೇಲೆ ಓಹೌ ಬೆಟ್ಟಸಾಲಿನ ಏರು. ಮೊದಲು ಮಟಗೌರಿ ಎಂಬ ಮುಳ್ಳುಪೊದೆ. ಹೆಸರು ಕೇಳಿದರೆ ಹಬ್ಬದ ದೇವತೆ ಅನ್ನಿಸುತ್ತದೆ, ಅಲ್ವಾ? ಪ್ಯಾಂಟು ಹರಿದ ಮೇಲೆ ಹಾಗನ್ನಿಸುವುದಿಲ್ಲ. ಅದರ ಮೇಲೆ ಟಸಕ್ ಹುಲ್ಲು, ನಡುನಡುವೆ ಈಟಿಯಂತೆ ಚುಚ್ಚುವ ಇನ್ನೊಂದು ಗಿಡ. ಅದರ ಮೇಲೆ ಬರೀ ಸಡಿಲ ಕಲ್ಲು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರು. ನಕ್ಷೆಯಲ್ಲಿ ಎತ್ತರ ತೋರಿಸುವ ಎರಡು ಗೆರೆಗಳ ನಡುವೆ 20 ಮೀಟರ್ ಅಂತರ. ಅಂದರೆ 15 ಮೀಟರಿನ ಬಂಡೆಯೊಂದು ಗೆರೆಗಳ ನಡುವೆ ಸುಮ್ನೆ ಅಡಗಿ ಕೂತಿರಬಹುದು. ಇತ್ತು ಕೂಡ. ಬಳಸಿ ಹೋಗುವಷ್ಟರಲ್ಲಿ ಕತ್ತಲಾಯಿತು. ಕೂತು ಉಸಿರು ತೆಗೆದುಕೊಳ್ಳುವಾಗ ಕೇಯಾ ಗಿಣಿಯೊಂದು ಬಂದು ಗೆಳೆಯನ ಕೈಗವಸು ಎತ್ತಿಕೊಂಡು ಹೋಯಿತು. ನಾವು ನಗಲೂ ಇಲ್ಲ.

ಆ ರಾತ್ರಿ ನನಗೆ ಕಲ್ಲುಗಳೆಲ್ಲ ಮುಖಗಳಾಗಿ ಕಂಡವು. ದಾರಿ ಪಕ್ಕದಲ್ಲಿ ಒಬ್ಬ ಮುದುಕ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಅವನಿಗೆ ದಾರಿ ಬಿಡಲು ನಿಂತೆ. ಗೆಳೆಯ ಹಿಂದಿನಿಂದ ಬಂದು ಡಿಕ್ಕಿ ಹೊಡೆದ. ನಿದ್ದೆಗೆಟ್ಟವರಿಗೆ ಹೀಗೆಲ್ಲ ಕಾಣುವುದು ಈ ಆಟದಲ್ಲಿ ಹೊಸದಲ್ಲ. ಅಕ್ಕ ನನ್ನ ಮುಖಕ್ಕೆ ಟಾರ್ಚ್ ಬಿಟ್ಟು ನೋಡಿ, “ಸಾಕು, ಎರಡು ಗಂಟೆ” ಅಂದರು. ಟೆಂಟು ಬಿಚ್ಚಿದೆವು. ನಾನು ಬೂಟು ಕಳಚಿ ಪಾದ ನೋಡಿಕೊಂಡೆ. ಎರಡು ದಿನ ನೀರಲ್ಲಿ ನೆನೆದ ಚರ್ಮ ಬೆಳ್ಳಗೆ, ಸುಕ್ಕುಸುಕ್ಕಾಗಿ, ಬೇರೆ ಯಾರದೋ ಪಾದದಂತಿತ್ತು. ಅಷ್ಟೇ ನೆನಪು.

ಎಬ್ಬಿಸಿದಾಗ ಟೆಂಟು ಆಗಲೇ ಮಡಚಿ ಆಗಿತ್ತು, ಚೀಲಗಳು ಸಾಲಾಗಿ ನಿಂತಿದ್ದವು. ನನ್ನದನ್ನು ಬೆನ್ನಿಗೇರಿಸಿಕೊಂಡೆ. ನಿದ್ದೆ ಎಂಥ ಔಷಧಿ ಅನ್ನಿಸಿತು. ಬರೀ ಎರಡು ಗಂಟೆ, ಮೈಯೇ ಬೇರೆಯಾದ ಹಾಗೆ. ಅಹುರಿರಿ ಕಣಿವೆಗೆ ಇಳಿಯುವಾಗ ಎಲ್ಲರಿಗಿಂತ ಮುಂದೆ ನಾನೇ ಇದ್ದೆ. “ನೋಡಿದ್ರಾ, ನನಗೆ ಸ್ವಲ್ಪ ನಿದ್ದೆ ಬೇಕಿತ್ತು ಅಷ್ಟೇ” ಎಂದು ಅಕ್ಕನಿಗೆ ಹೇಳಿದ್ದೂ ನೆನಪಿದೆ. ಅವರು ಹೂಂ ಅಂದರು.

ಸೈಕಲ್ಲಿನ ಭಾಗದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎದುರುಗಾಳಿ, ಧೂಳು, ಕುರಿಗಳು. ಸುಮಾರು 970 ಮೀಟರ್ ಎತ್ತರದ ಲಿಂಡಿಸ್ ಕಣಿವೆದಾರಿಯ ಸುತ್ತಿನ ಬೆಟ್ಟಗಳು ಸಂಜೆ ಬೆಳಕಿನಲ್ಲಿ ಒಂದೂ ಮರವಿಲ್ಲದೆ ಹೊಂಬಣ್ಣಕ್ಕೆ ತಿರುಗಿದ್ದವು. ನೋಡಲು ನಿಲ್ಲಲಿಲ್ಲ. ಇಡೀ ಪ್ರಯಾಣದಲ್ಲಿ ನನಗೆ ಬೇಸರವಿರುವುದು ಅದೊಂದಕ್ಕೆ.

ಗುರುವಾರ ಮತ್ತೆ ನಡಿಗೆ. ಇಳಿಜಾರಿನಲ್ಲಿ ಅಕ್ಕನ ಮೊಣಕಾಲು ಕೈಕೊಟ್ಟಿತು. ಅವರು ಕೋಲಿಗೆ ಒರಗಿ ಪಕ್ಕಪಕ್ಕಕ್ಕೆ ಇಳಿಯತೊಡಗಿದರು. ನಾನು ಹುರುಪಿನಲ್ಲಿದ್ದೆ, “ಬೇಗ ಬನ್ನಿ ಅಕ್ಕ” ಎಂದು ಎರಡು ಸಲವಾದರೂ ಕೂಗಿದೆ. ಕತ್ತಲಾದ ಮೇಲೆ ಹಾವೆಯಾ ದಡ ಮುಟ್ಟಿದೆವು. ರಾತ್ರಿ ಕಯಾಕ್ ನೀರಿಗಿಳಿಸುವಂತಿಲ್ಲ ಎಂಬ ನಿಯಮವಿತ್ತು. ಸೈಕಲ್ ತಂದಿದ್ದ ಪೆಟ್ಟಿಗೆಗಳ ಮರೆಯಲ್ಲಿ ಹಾಗೇ ಬಿದ್ದುಕೊಂಡೆವು, ಟೆಂಟು ಬಿಚ್ಚುವ ಶಕ್ತಿ ಯಾರಿಗೂ ಇರಲಿಲ್ಲ.

ಶುಕ್ರವಾರ ನಸುಕಿನಲ್ಲಿ ಸಂಘಟಕರ ಕಡೆಯ ಒಬ್ಬಾಕೆ ಬಂದು ಕಡ್ಡಾಯ ಸಾಮಾನುಗಳನ್ನು ತೋರಿಸಲು ಹೇಳಿದಳು. ಒಂದು ಕಡಿಮೆಯಿದ್ದರೂ ದಂಡವಾಗಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಔಷಧಿ ಪೆಟ್ಟಿಗೆ, ಹಗ್ಗ, ಒಲೆ ಎಲ್ಲ ಬಂದವು. ಟೆಂಟು ಅಂದಳು. ನಾನು ಚೀಲಕ್ಕೆ ಕೈ ಹಾಕಿದೆ. ತಳದವರೆಗೂ ತಡಕಿದೆ. ಇಡೀ ಚೀಲವನ್ನು ನೆಲಕ್ಕೆ ಸುರಿದೆ. ಒದ್ದೆ ಕಾಲುಚೀಲ, ಖಾಲಿ ಪೊಟ್ಟಣಗಳು, ಕೆಲಸಕ್ಕೆ ಬಾರದ ಕಂಪಾಸು. ಟೆಂಟು ಬೆಟ್ಟದ ಮೇಲೇ ಉಳಿಯಿತು ಎಂದು ಎದೆ ಧಸಕ್ಕೆಂದಿತು.

ಅಕ್ಕ ತಮ್ಮ ಚೀಲದ ದಾರ ಬಿಚ್ಚಿ ಟೆಂಟನ್ನು ತೆಗೆದು ಆಕೆಯ ಮುಂದಿಟ್ಟರು.

ನಾನು ನೋಡುತ್ತಲೇ ಇದ್ದೆ. “ಇದು ಯಾವಾಗಿಂದ ಅಕ್ಕ?”

“ಬುಧವಾರದಿಂದ” ಅಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಕಯಾಕಿಗೆ ಹತ್ತಿ ಕೂತು, “ಹುಟ್ಟು ಹಿಡ್ಕೋ, ಗಾಳಿ ಏಳೋದ್ರೊಳಗೆ ದಾಟ್ಬೇಕು” ಅಂದರು.