ಸಲಾಝಾರ್ ಮಾತು ಕೇಳದ ಜನರಲ್

ಕಾರವಾರದಲ್ಲಿ ಯುದ್ಧ ಅಂದರೆ ಟಾಗೋರ್ ಕಡಲತೀರದ ಚಪಲ್ ಯುದ್ಧನೌಕೆ ಎದುರು ಒಂದು ಸೆಲ್ಫಿ, ಅಲ್ಲಿಗೆ ಮುಗೀತು. ಆದರೆ ಗುಂಡು ಹಾರಿದ ಜಾಗ ಇಲ್ಲೇ ಕಡಲಲ್ಲಿದೆ. ಅಂಜುದೀವ ಅನ್ನೋ ದ್ವೀಪ. ಈಗ ಅದು ನೌಕಾನೆಲೆಯ ವಶದಲ್ಲಿದೆ, ಸುಮ್ನೆ ನೋಡಿ ಬರೋಣ ಅಂತ ಹೊರಡೋಕಾಗಲ್ಲ. 1961ರವರೆಗೆ ಪೋರ್ಚುಗೀಸರದಾಗಿತ್ತು. ಆ ನವೆಂಬರ್‌ನಲ್ಲಿ ಅಲ್ಲಿಂದಲೇ ಸಾಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು, ಆಮೇಲೆ ಮೀನುಗಾರರ ಮೇಲೂ. ಒಬ್ಬ ಮೀನುಗಾರ ಸತ್ತ.

ನನಗೆ ಇದರಲ್ಲಿ ಜಾಸ್ತಿ ಕಾಡುವವನು ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಾಸಾಲೋ ಇ ಸಿಲ್ವಾ. ಡಿಸೆಂಬರ್ 14ಕ್ಕೆ ಲಿಸ್ಬನ್‌ನಿಂದ ಪೋರ್ಚುಗಲ್ ಸರ್ವಾಧಿಕಾರಿ ಸಲಾಝಾರ್ ಸಂದೇಶ ಬಂತು. ಶರಣಾಗತಿ ಇಲ್ಲ, ಸೆರೆಯಾಳುಗಳೂ ಇಲ್ಲ, ಒಂದೋ ಗೆಲ್ಲಿ, ಇಲ್ಲ ಸಾಯಿರಿ. ಎಂಟು ದಿನವಾದರೂ ತಡೆದು ನಿಲ್ಲಿ, ಅಷ್ಟರಲ್ಲಿ ಹೊರಗಿನಿಂದ ನೆರವು ತರಿಸುತ್ತೇವೆ. ಯಾರ ನೆರವು? ವಾಸಾಲೋ ಹತ್ತಿರ ಸುಮಾರು ಮೂರೂವರೆ ಸಾವಿರ ಜನ, ಒಂದು ಹಳೇ ಯುದ್ಧನೌಕೆ, ಯುದ್ಧವಿಮಾನ ಒಂದೂ ಇಲ್ಲ. ಎದುರಿಗೆ ಹತ್ತು ಪಟ್ಟಿಗಿಂತ ದೊಡ್ಡ ಭಾರತದ ಸೈನ್ಯ. ಲಿಸ್ಬನ್‌ಗೆ ಬೇಕಿದ್ದದ್ದು ಗೋವಾ ಅಲ್ಲ, ಜಗತ್ತಿಗೆ ತೋರಿಸೋಕೆ ಒಂದಷ್ಟು ಹೆಣ ಅಂತಲೇ ನನಗನ್ನಿಸೋದು. ಅವನು ಕೇಳಲಿಲ್ಲ. ನಮ್ಮ ಸೈನ್ಯ ಗೋವಾಕ್ಕೆ ನುಗ್ಗಿದ ಮೇಲೆ 19ರ ಸಂಜೆ ಶರಣಾದ. ಊರಿಗೆ ಹೋದ ಮೇಲೆ 1963ರಲ್ಲಿ ಸೈನ್ಯದಿಂದಲೇ ಹೊರಹಾಕಿದರು. 1974ರಲ್ಲಿ ಅಲ್ಲಿ ಸರ್ವಾಧಿಕಾರ ಉರುಳಿದ ಮೇಲಷ್ಟೇ ಪದವಿ ವಾಪಸ್ ಬಂತು.

ಸಿಪಾಯಿ ತನಗೆ ಬೇಕಾದ ಆದೇಶ ಮಾತ್ರ ಪಾಲಿಸಿದರೆ ಅದೆಂಥ ಸೈನ್ಯ ಅಂತ ಕೇಳುವವರಿದ್ದಾರೆ. ಸರಿಯೇ. ಆದರೆ ನಮ್ಮ ಕಡೆಯ ಬ್ರಿಗೇಡಿಯರ್ ಸಗತ್ ಸಿಂಗ್ ಅವರನ್ನೂ ನೋಡಿ. ಮುಖ್ಯ ಕೆಲಸ ಬೇರೆ ಡಿವಿಷನ್‌ದು, ಇವರ ಪ್ಯಾರಾ ಬ್ರಿಗೇಡ್‌ಗೆ ಉತ್ತರದಿಂದ ಬರುವ ಪಕ್ಕದ ಪಾತ್ರ. ಇವರು ಹೇಳಿದ್ದಕ್ಕಿಂತ ಮುಂದೆ ನುಗ್ಗಿದರು, 19ರ ಬೆಳಿಗ್ಗೆ ಮಾಂಡವಿ ದಾಟಿ ಪಣಜಿಗೆ ಎಲ್ಲರಿಗಿಂತ ಮೊದಲು ಹೊಕ್ಕರು. ಗೆದ್ದರು, ಹೊಗಳಿಸಿಕೊಂಡರು. ಹೊಳೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಎಷ್ಟು ಕಾರಣ ಕೇಳಿ ಪತ್ರ ಬರ್ತಿತ್ತೋ!

ಆಕ್ಷೇಪ ಇದ್ದರೆ ಬರೆದು ಕೊಡಬೇಕಿತ್ತು ಅಂತೀರಾ? ಮುಂದಿನ ವರ್ಷವೇ ಈಶಾನ್ಯದಲ್ಲಿ ಜನರಲ್ ಉಮ್ರಾವ್ ಸಿಂಗ್ ಅದನ್ನೂ ಮಾಡಿದರು. ಗಡಿಯ ಥಾಗ್ಲಾ ಬೆಟ್ಟಸಾಲಿನಿಂದ ಚೀನೀಯರನ್ನು ಓಡಿಸುವುದು ಈ ಸ್ಥಿತಿಯಲ್ಲಿ ಆಗದ ಮಾತು ಅಂತ ಬರೆದರು. ಆ ಗಡಿಯ ಹೊಣೆಯನ್ನೇ ಅವರಿಂದ ಕಿತ್ತು ಹೊಸ ಕೋರ್ (ಹಲವು ಡಿವಿಷನ್ ಸೇರಿದ ದೊಡ್ಡ ಪಡೆ) ಮಾಡಿ ಜನರಲ್ ಕೌಲ್‌ಗೆ ಕೊಟ್ಟರು. ಅಕ್ಟೋಬರ್ 20ಕ್ಕೆ ನಾಮ್ಕಾ ಚು ಹೊಳೆ ದಂಡೆಯಲ್ಲಿ ಏನಾಯಿತು ಅಂತ ಗೊತ್ತೇ ಇದೆ, ಚೀನೀ ದಾಳಿಗೆ ನಮ್ಮ ಪಡೆ ಚಿಂದಿಯಾಯಿತು.

ಅಂಜುದೀವದಲ್ಲಿ ನಮ್ಮ ಏಳು ನಾವಿಕರು ಸತ್ತರು. 19ರ ಮಧ್ಯಾಹ್ನ ದ್ವೀಪ ಕೈಗೆ ಬಂತು, ಆದರೂ ಮೂವರು ಪೋರ್ಚುಗೀಸ್ ಸಿಪಾಯಿಗಳು ಬಂಡೆಗಳ ನಡುವೆ ಅಡಗಿದ್ದರು. ಒಬ್ಬ ಅವತ್ತೇ ಶರಣಾದ. ಇನ್ನೊಬ್ಬ ಮರುದಿನ ಸಿಕ್ಕ, ಅದೂ ಕೈಬಾಂಬ್ ಎಸೆದು ನಮ್ಮವರನ್ನು ಗಾಯಗೊಳಿಸಿದ ಮೇಲೆ. ಅವನ ಜನರಲ್ ಅಷ್ಟರಲ್ಲಿ ಸಹಿ ಹಾಕಿಯಾಗಿತ್ತು! ಕೊನೆಯವನು ಗೋವಾದವನೇ. ಈಜಿಕೊಂಡು ನಮ್ಮ ದಡಕ್ಕೆ ಬಂದು 22ಕ್ಕೆ ಸಿಕ್ಕಿಬಿದ್ದ.