ಪ್ರಶಸ್ತಿಯ ಪಟ್ಟಿ ಮತ್ತು ನನ್ನ ಪಟ್ಟಿ

ಭಾರತದ ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಆರು ಬಾರಿ ಬಂದಿದೆ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’. ಇವುಗಳಲ್ಲಿ ಮೊದಲ ಎರಡನ್ನು ಬಿಟ್ಟರೆ ಉಳಿದ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ನಾನು ಹಾಸನದ ನಮ್ಮ ಕಾಲೇಜಿಗೆ ಸೇರಿದ ತೊಂಬತ್ತರ ದಶಕದ ಆರಂಭದಲ್ಲಿ ಈ ಪಟ್ಟಿ ‘ತಬರನ ಕಥೆ’ಗೆ ನಿಂತಿತ್ತು. ಗ್ರಂಥಾಲಯದಲ್ಲಿ ಕಟ್ಟಿಟ್ಟಿದ್ದ ಹಳೆಯ ವಾರಪತ್ರಿಕೆಗಳನ್ನು ತಿರುವಿ ಆ ನಾಲ್ಕು ಹೆಸರುಗಳನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದುಕೊಂಡೆ. ಬಲಪುಟವನ್ನು ನನಗೆ ಇಷ್ಟವಾದ ಚಿತ್ರಗಳಿಗೆಂದು ಖಾಲಿ ಬಿಟ್ಟೆ. ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ತರಗತಿ, ಪರೀಕ್ಷೆ, ವಾರ್ಷಿಕೋತ್ಸವಗಳಿಗಿಂತ ಈ ಎರಡು ಪುಟಗಳ ವಿಷಯವನ್ನೇ ಬರೆಯಬೇಕೆನಿಸಿತು.

ಪ್ರಶಸ್ತಿ ಎಂದರೆ ದೆಹಲಿಯಲ್ಲಿ ನಡೆಯುವ ಸಮಾರಂಭವೆಂದೇ ಹಲವರ ಎಣಿಕೆ. ಜಿಲ್ಲಾ ಕೇಂದ್ರವೊಂದರ ವಿದ್ಯಾರ್ಥಿಗೆ ಅದರಿಂದ ದೊರೆತ ಪ್ರಯೋಜನ ಬೇರೆಯೇ ಆಗಿತ್ತು. ಪ್ರಶಸ್ತಿ ಪಡೆದ ಚಿತ್ರಗಳು ನಮ್ಮ ಊರಿನ ಚಿತ್ರಮಂದಿರಗಳಿಗೆ ಬರುತ್ತಿರಲಿಲ್ಲ, ಬಂದರೂ ವಾರ ತುಂಬುವ ಮೊದಲೇ ಹೋಗುತ್ತಿದ್ದವು. ಅವು ನಮಗೆ ದಕ್ಕಿದ್ದು ದೂರದರ್ಶನದಿಂದ. ಭಾನುವಾರ ಮಧ್ಯಾಹ್ನ, ಶ್ರವಣದೋಷವುಳ್ಳವರಿಗಾಗಿ ಬರುತ್ತಿದ್ದ ವಾರ್ತೆ ಮುಗಿದ ಮೇಲೆ, ಪ್ರಾದೇಶಿಕ ಭಾಷೆಯ ಚಿತ್ರವೊಂದು ಇಂಗ್ಲಿಷ್ ಅಡಿಬರಹದೊಂದಿಗೆ ಪ್ರಸಾರವಾಗುತ್ತಿತ್ತು. ಒಂದು ವಾರ ಅಸ್ಸಾಮಿ, ಇನ್ನೊಂದು ವಾರ ಮಲಯಾಳ, ಮತ್ತೊಂದು ವಾರ ಒಡಿಯಾ. ಕನ್ನಡದ ಸರದಿ ಬರುವವರೆಗೆ ಕಾಯುತ್ತಾ ಕಾಯುತ್ತಾ ನಾವು ಬೇರೆ ಭಾಷೆಗಳ ಚಿತ್ರಗಳನ್ನೂ ನೋಡಲು ಕಲಿತೆವು. ಭಾನುವಾರದ ಊಟ ಭಾರಿಯಾಗಿರುತ್ತಿದ್ದುದರಿಂದ ಹಾಸ್ಟೆಲಿನ ಟಿ.ವಿ. ಕೊಠಡಿಯಲ್ಲಿ ಅರ್ಧದಷ್ಟು ಜನ ಗೋಡೆಗೆ ಒರಗಿ ನಿದ್ರೆ ಹೋಗುತ್ತಿದ್ದರೆಂಬುದನ್ನೂ ಇಲ್ಲಿ ದಾಖಲಿಸಬೇಕು. ಪ್ರಶಸ್ತಿ ಬಾರದಿದ್ದರೆ ಆ ಚಿತ್ರಗಳಿಗೆ ಆ ಹೊತ್ತು ಸಿಗುತ್ತಿರಲಿಲ್ಲ, ನಮಗೆ ಅವು ಸಿಗುತ್ತಿರಲಿಲ್ಲ. ತೀರ್ಪುಗಾರರ ಮೇಲೆ ನನಗೆ ಇಂದಿಗೂ ಇರುವ ಗೌರವಕ್ಕೆ ಮುಖ್ಯ ಕಾರಣ ಇದು. ಅವರ ಆಯ್ಕೆಯನ್ನು ಒಪ್ಪುವುದು, ಬಿಡುವುದು ಆಮೇಲಿನ ಮಾತು.

ಬಲಪುಟದಲ್ಲಿ ನಾನು ಮೊದಲು ಬರೆದ ಹೆಸರು ಎಡಪುಟದಲ್ಲೂ ಇದ್ದ ‘ತಬರನ ಕಥೆ’. ಇದಕ್ಕೆ ಕಥೆ ಒದಗಿಸಿದ ಪೂರ್ಣಚಂದ್ರ ತೇಜಸ್ವಿಯವರು ಆಗ ಮೂಡಿಗೆರೆಯಲ್ಲೇ ಇದ್ದರು. ಬೇಲೂರು ದಾಟಿ ಇನ್ನಷ್ಟು ದೂರ ಹೋದರೆ ಅವರ ಊರು ಎಂಬ ಸಲಿಗೆ ನಮ್ಮೆಲ್ಲರಲ್ಲೂ ಇತ್ತು. ಚಿತ್ರದ ತಬರ ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ಕೆಳಹಂತದ ನೌಕರ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡಿದ ಲೆಕ್ಕದಲ್ಲಿ ಉಳಿದ ಬಾಕಿ ಅವನ ಪಿಂಚಣಿಗೆ ಅಡ್ಡಬರುತ್ತದೆ. ಅತ್ತ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಾ ಹೋಗುತ್ತದೆ, ಇತ್ತ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುವುದಿಲ್ಲ. ಕೊನೆಗೆ ಆ ಕಾಲನ್ನು ಕತ್ತರಿಸಿಕೊಡು ಎಂದು ಅವನು ಕಟುಕನ ಮುಂದೆ ಅಂಗಲಾಚುವ ದೃಶ್ಯ ಬಂದಾಗ, ಅಲ್ಲಿಯವರೆಗೆ ನಿದ್ರೆಯಲ್ಲಿದ್ದವರೂ ಎದ್ದು ಕುಳಿತಿದ್ದರು. ಈ ಚಿತ್ರದಲ್ಲಿ ಖಳನಾಯಕನೆಂದು ಬೆರಳು ತೋರಿಸಲು ಯಾರೂ ಸಿಗುವುದಿಲ್ಲ ಎಂಬುದು ನನ್ನನ್ನು ಬಹಳ ಕಾಲ ಕಾಡಿತು. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮಟ್ಟಿಗೆ ನಿಯಮವನ್ನೇ ಹೇಳುತ್ತಾನೆ. ಆ ನಿಯಮಗಳೆಲ್ಲ ಕೂಡಿದಾಗ ಒಬ್ಬ ಮನುಷ್ಯ ಹುಚ್ಚನಾಗಿ ಬೀದಿಗೆ ಬೀಳುತ್ತಾನೆ. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದಿದ್ದ ನಮ್ಮಂಥವರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತಬರನಾಗಿ ನಟಿಸಿದ ಚಾರುಹಾಸನ್ ತಮಿಳಿನವರು. ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಮಲೆನಾಡಿನ ಜವಾನನೊಬ್ಬನ ಬಗ್ಗಿದ ಬೆನ್ನನ್ನು, ಎದುರಿಗಿದ್ದವರ ಮುಖ ನೋಡದೆ ಮಾತನಾಡುವ ರೀತಿಯನ್ನು ಅವರು ಎಲ್ಲಿಂದ ಪಡೆದರೋ ತಿಳಿಯದು.

‘ಘಟಶ್ರಾದ್ಧ’ವನ್ನು ಮೊದಲ ಸಲ ನೋಡಿದಾಗ ನಾನು ಅಷ್ಟಾಗಿ ಮೆಚ್ಚಲಿಲ್ಲ, ಅದರ ನಿಧಾನಗತಿ ಆ ವಯಸ್ಸಿಗೆ ಹಿಡಿಸುವಂಥದ್ದಲ್ಲ. ನಮ್ಮ ಕನ್ನಡ ಅಧ್ಯಾಪಕರು ಅನಂತಮೂರ್ತಿಯವರ ಮೂಲ ಕಥೆಯನ್ನು ತರಗತಿಯಲ್ಲಿ ಓದಿಸಿದ ನಂತರ ಎರಡನೆಯ ಸಲ ನೋಡುವ ಅವಕಾಶ ಬಂತು. ‘ಹುಡುಗನ ಕಣ್ಣು ಎಲ್ಲಿದೆ ನೋಡ್ರಪ್ಪಾ, ಅವನಿಗೆ ಕಾಣದ್ದು ನಿಮಗೂ ಕಾಣಬಾರದು’ ಎಂದು ಅವರು ಹೇಳಿಕಳಿಸಿದ್ದರು. ವೇದ ಕಲಿಯಲು ಉಡುಪರ ಮನೆಗೆ ಬಂದ ನಾಣಿಗೆ, ಆ ಮನೆಯ ವಿಧವೆ ಮಗಳು ಯಮುನಕ್ಕನಿಗೆ ಏನಾಗುತ್ತಿದೆ ಎಂಬುದು ತುಂಡುತುಂಡಾಗಿ ಮಾತ್ರ ತಿಳಿಯುತ್ತದೆ. ಬಾಗಿಲ ಸಂದಿಯಲ್ಲಿ ಕಂಡದ್ದು, ಇತರ ಹುಡುಗರು ಪಿಸುಗುಟ್ಟಿದ್ದು, ರಾತ್ರಿಯ ಕಾಡಿನಲ್ಲಿ ಕೇಳಿಸಿದ್ದು, ಇಷ್ಟೇ ಅವನ ತಿಳಿವು. ಬಿ.ವಿ. ಕಾರಂತರಿಗೆ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಈ ಚಿತ್ರದಲ್ಲಿ ಮೌನಕ್ಕೂ ಅಷ್ಟೇ ಕೆಲಸವಿದೆ ಎಂಬುದು ನನಗೆ ಹೊಳೆದದ್ದು ಆಗ. ಈ ಕಪ್ಪುಬಿಳುಪು ಚಿತ್ರವನ್ನು ಇತ್ತೀಚೆಗೆ ಇಟಲಿಯ ಬೊಲೊನ್ಯಾದಲ್ಲಿ ಹೊಸದಾಗಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಸ್ಟೆಲಿನ ಸಣ್ಣ ಪರದೆಯಲ್ಲಿ, ನಡುನಡುವೆ ಚುಕ್ಕೆ ಬರುತ್ತಿದ್ದ ಪ್ರಸಾರದಲ್ಲಿ ಅದನ್ನು ನೋಡಿದ ನನಗೆ ಆ ಸ್ವಚ್ಛ ಪ್ರತಿಯನ್ನು ದೊಡ್ಡ ಪರದೆಯ ಮೇಲೆ ನೋಡುವ ಆಸೆ ಇನ್ನೂ ಉಳಿದಿದೆ.

‘ಚೋಮನ ದುಡಿ’ ಮತ್ತು ‘ಸಂಸ್ಕಾರ’ಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ‘ಸಂಸ್ಕಾರ’ವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು, ಮುಂದೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಅದು ಚಿತ್ರೀಕರಣಗೊಂಡದ್ದು ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯ ಹತ್ತಿರ ಎಂಬುದೂ ನಮ್ಮ ಹೆಮ್ಮೆಗಳಲ್ಲಿ ಒಂದು. ಆದರೂ ಮೆಚ್ಚುವುದು ಬೇರೆ, ಮತ್ತೆ ಮತ್ತೆ ನೋಡಬೇಕೆನಿಸುವುದು ಬೇರೆ. ಈ ಎರಡು ಚಿತ್ರಗಳೂ ನನ್ನ ಬಲಪುಟಕ್ಕೆ ಬರಲಿಲ್ಲ.

ಅಲ್ಲಿಗೆ ಬಂದದ್ದು 1974ರ ‘ಭೂತಯ್ಯನ ಮಗ ಅಯ್ಯು’. ಎಡಪುಟದಲ್ಲಿ ಅದಕ್ಕೆ ಜಾಗವಿಲ್ಲ. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ದಲಿಂಗಯ್ಯನವರು ಚಿತ್ರ ಮಾಡಿದರು. ಬಡ್ಡಿ ವ್ಯವಹಾರದ ಭೂತಯ್ಯ, ಅವನ ಮಗ ಅಯ್ಯು, ಅವನಿಗೆ ಎದುರಾಗಿ ನಿಲ್ಲುವ ಗುಳ್ಳ, ಇವರ ನಡುವಿನ ಹಗೆ ಒಂದಿಡೀ ಹಳ್ಳಿಯನ್ನು ಎಳೆದುಕೊಂಡು ಹೋಗುತ್ತದೆ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್, ಭೂತಯ್ಯನಾಗಿ ಎಂ.ಪಿ. ಶಂಕರ್. ಈ ಚಿತ್ರವನ್ನು ನೋಡಿದವರಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯವನ್ನು ಮರೆತವರನ್ನು ನಾನು ಕಂಡಿಲ್ಲ. ಆದರೆ ನನ್ನ ಮೆಚ್ಚುಗೆ ಆ ದೃಶ್ಯಕ್ಕಾಗಲಿ, ಕೊನೆಯ ಪ್ರವಾಹದ ಸಾಹಸಕ್ಕಾಗಲಿ ಸೀಮಿತವಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ದ್ವೇಷ ಹೇಗೆ ಹುಟ್ಟುತ್ತದೆ, ಕೋರ್ಟಿನ ಮೆಟ್ಟಿಲು ಹೇಗೆ ಹತ್ತುತ್ತದೆ, ಜಮೀನನ್ನು ಹೇಗೆ ನುಂಗುತ್ತದೆ ಎಂಬುದನ್ನು ಜನಪ್ರಿಯ ಚಿತ್ರವೊಂದು ಅಷ್ಟು ನಿಖರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಧ್ಯಾಪಕರು ನನ್ನ ಪಟ್ಟಿ ನೋಡಿ, ‘ಏನಯ್ಯಾ, ತಬರನ ಪಕ್ಕದಲ್ಲಿ ಗುಳ್ಳನನ್ನು ಕೂರಿಸಿದ್ದೀಯಲ್ಲ’ ಎಂದು ನಕ್ಕರು. ‘ಇಬ್ಬರೂ ನಮ್ಮ ಸೀಮೆಯವರೇ ಅಲ್ವೇ ಸಾರ್’ ಎಂದೆ. ಅವರು ವಾದ ಮುಂದುವರಿಸಲಿಲ್ಲ. ಗೊರೂರರ ಪುಸ್ತಕವೊಂದನ್ನು ಓದಲು ಕೊಟ್ಟರು.

ಕಾಲೇಜು ಬಿಟ್ಟ ಮೇಲೂ ಪಟ್ಟಿ ಬೆಳೆಯಿತು. ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು ಮಾಡಿದ ‘ಹಸೀನಾ’ದ ಅಭಿನಯಕ್ಕೆ ತಾರಾ ಅವರಿಗೆ 2004ರ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಬಾನು ಅವರ ಹೆಸರು ಜಗತ್ತಿಗೆ ಹೊಸದಾಗಿ ಕೇಳಿಸಿರಬಹುದು, ನಮ್ಮ ಊರಿನ ಓದುಗರಿಗೆ ಅದು ಎಷ್ಟೋ ವರ್ಷಗಳ ಪರಿಚಯ. ಗಂಡು ಮಗು ಹೆರಲಿಲ್ಲವೆಂದು ಗಂಡನಿಂದ ದೂರವಾದ ಹಸೀನಾ ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುವ ಭಾಗವೇ ಸಾಕು, ಉಳಿದ ಕೆಲವು ದೃಶ್ಯಗಳು ಸಡಿಲವಾಗಿವೆ ಎಂಬ ದೂರನ್ನು ಮರೆಯಲು. ಆದರೆ ಚಿತ್ರಪ್ರೇಮಿಯಾಗಿ ನಾನು ಅದಕ್ಕಿಂತ ಮೇಲೆ ಇಟ್ಟಿರುವುದು ವೈದೇಹಿಯವರ ಕಥೆಯಿಂದ ಹುಟ್ಟಿದ ‘ಗುಲಾಬಿ ಟಾಕೀಸ್’ ಅನ್ನು. ಸಿನಿಮಾ ನೋಡುತ್ತಾ ಕುಳಿತ ಸೂಲಗಿತ್ತಿಯನ್ನು ಹೆರಿಗೆಗೆಂದು ಚಿತ್ರಮಂದಿರದಿಂದಲೇ ಎಬ್ಬಿಸಿಕೊಂಡು ಹೋಗುವ ಅದರ ಆರಂಭವನ್ನು ಕಂಡು, ಈ ಹುಚ್ಚು ನನ್ನೊಬ್ಬನದಲ್ಲ ಎಂದು ಸಮಾಧಾನವಾಯಿತು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರದ ಮನೆಗೆ ಬಣ್ಣದ ಟಿ.ವಿ. ಬಂದೊಡನೆ ಕೇರಿಯ ಹೆಂಗಸರು ಅಲ್ಲಿ ನೆರೆಯುವುದು, ಕಾರ್ಗಿಲ್ ಯುದ್ಧದ ಕಾಲದಲ್ಲಿ ಮುಸ್ಲಿಮಳೆಂಬ ಕಾರಣಕ್ಕೆ ಅದೇ ಕೇರಿ ಅವಳಿಂದ ದೂರ ಸರಿಯುವುದು, ಎರಡನ್ನೂ ಚಿತ್ರ ದನಿಯೇರಿಸದೆ ತೋರಿಸುತ್ತದೆ.

ಒಂದು ಆಯ್ಕೆಯಲ್ಲಿ ಮಾತ್ರ ತೀರ್ಪುಗಾರರೊಂದಿಗೆ ನನ್ನ ತಕರಾರು ಇನ್ನೂ ಮುಗಿದಿಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಸಂಚಾರಿ ವಿಜಯ್ ಅವರಿಗೆ 2014ರ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ‘ನಾನು ಅವನಲ್ಲ ಅವಳು’ ಚಿತ್ರಕ್ಕೆ. ಅದೇ ವರ್ಷ ಕನ್ನಡದ ಅತ್ಯುತ್ತಮ ಚಿತ್ರವೆನಿಸಿದ ‘ಹರಿವು’ ಚಿತ್ರದಲ್ಲೂ ಅವರೇ ಇದ್ದರು. ಮೊದಲನೆಯದರಲ್ಲಿ ಲಿಂಗಪರಿವರ್ತಿತ ಹೆಣ್ಣಿನ ಪಾತ್ರಕ್ಕೆ ದೇಹವನ್ನೂ ದನಿಯನ್ನೂ ಬದಲಿಸಿಕೊಂಡ ಅವರ ಶ್ರಮ ಎದ್ದು ಕಾಣುತ್ತದೆ, ಪ್ರಶಸ್ತಿಗೆ ಅದು ಅರ್ಹವೂ ಹೌದು. ‘ಹರಿವು’ ಚಿತ್ರದಲ್ಲಿ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಟ ಬಡ ರೈತ. ಅಲ್ಲಿ ಶ್ರಮವೇ ಕಾಣುವುದಿಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಯಾರೋ ಒಬ್ಬ ತಂದೆ ಮಾತ್ರ ಕಾಣುತ್ತಾನೆ. ವಿಜಯ್ 2021ರಲ್ಲಿ ರಸ್ತೆ ಅಪಘಾತದಿಂದ ತೀರಿಕೊಂಡರು. ಆ ವಾರ ಹಳೆಯ ಹಾಸ್ಟೆಲ್ ಗೆಳೆಯರೆಲ್ಲ ಫೋನಿನಲ್ಲಿ ಇದೇ ವಾದ ಹೂಡಿದೆವು. ಬಹುಮತ ಪ್ರಶಸ್ತಿಯ ಚಿತ್ರದ ಕಡೆಗೇ ಬಿತ್ತು. ನಾನು ‘ಹರಿವು’ ಎಂದೇ ಬರೆದುಕೊಂಡಿದ್ದೇನೆ.