ಐವತ್ತೆರಡನೆಯ ಹೆಸರು ಬಂದ ಬೆಳಿಗ್ಗೆ

2015ರ ಜೂನ್ 26ರ ಶುಕ್ರವಾರ ಬೆಳಗಿನ ಜಾವ, ಆರಿದ್ರಾ ಮಳೆ ಹಂಚಿನ ಮೇಲೆ ಬಿಡದೆ ಸುರಿಯುತ್ತಿದ್ದ ಹೊತ್ತಿನಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಮೂವರು ಟಿ.ವಿ.ಯ ಮುಂದೆ ಕುಳಿತಿದ್ದೆವು: ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದ ನಾನು, ಒಂಬತ್ತನೆಯ ತರಗತಿಯ ನನ್ನ ಶಿಷ್ಯನೊಬ್ಬ, ಮತ್ತು ಅವನ ಸೋದರಮಾವ. ಅಮೆರಿಕದಲ್ಲಿ ಅದಿನ್ನೂ ಗುರುವಾರದ ರಾತ್ರಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎನ್.ಬಿ.ಎ. ಬಾಸ್ಕೆಟ್‌ಬಾಲ್ ಲೀಗಿನ ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯುತ್ತಿತ್ತು. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಭಮಾರಾ, ಏಳು ಅಡಿ ಎರಡು ಇಂಚು ಎತ್ತರದ ಹತ್ತೊಂಬತ್ತರ ಯುವಕ, ಅದಕ್ಕೆ ಹೆಸರು ಕೊಟ್ಟಿದ್ದ. ಭಾರತದಲ್ಲಿ ಹುಟ್ಟಿದ ಯಾರನ್ನೂ ಅದುವರೆಗೆ ಯಾವ ತಂಡವೂ ಅಲ್ಲಿ ಆರಿಸಿಕೊಂಡಿರಲಿಲ್ಲ.

ಹುಡುಗನನ್ನು ಅಷ್ಟು ಬೇಗ ಕರೆಸಿದ್ದಕ್ಕೆ ಬೇರೊಂದು ಕಾರಣವೂ ಇತ್ತು. ನಮ್ಮ ಜಿಲ್ಲೆಯಿಂದ ದಕ್ಷಿಣಕ್ಕಿರುವ ಊರಿನ ಕ್ರೀಡಾ ಹಾಸ್ಟೆಲೊಂದರವರು ಬಾಸ್ಕೆಟ್‌ಬಾಲಿಗೆಂದು ಅವನನ್ನು ಆಯ್ದಿದ್ದರು. ಆಯ್ಕೆಯ ದಿನ ಅವನ ಎತ್ತರ ಅಳೆದರು, ತೋಳು ಚಾಚಿಸಿ ಅಳೆದರು, ಓಡಿಸಿದರು, ಗೋಡೆಯ ಪಕ್ಕದಲ್ಲಿ ಹಾರಿಸಿದರು. ಅವನು ಆಡುವುದನ್ನು ಯಾರೂ ನೋಡಲಿಲ್ಲ, ನೋಡಲು ಅವನಿಗೆ ಆಟವೂ ಬರುತ್ತಿರಲಿಲ್ಲ. ಅಲ್ಲಿನ ಶಾಲೆ ಮಲಯಾಳ ಮಾಧ್ಯಮದ್ದು. ಮಾವನಿಗೆ ಕಳುಹಿಸುವ ಮನಸ್ಸು, ತಾಯಿಗೆ ಇಲ್ಲ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು, ಮತ್ತು ಎರಡೂ ಕಡೆಯವರು ನನ್ನ ಬಾಯನ್ನು ನೋಡುತ್ತಿದ್ದರು.

ಮಾವ ಹಳೆಯ ಕಬಡ್ಡಿ ಆಟಗಾರ. ಹಿಂದಿನ ವರ್ಷವಷ್ಟೇ ಪ್ರೊ ಕಬಡ್ಡಿ ಆರಂಭವಾಗಿದ್ದರಿಂದ, "ಇದೂ ಅದೇ ಏಲಂ ಅಲ್ವಾ ಮಾಷ್ಟ್ರೇ?" ಎಂದು ಕೇಳಿದರು. ಏಲಂನಲ್ಲಿ ಹಣವಿದ್ದವನು ಕೈ ಎತ್ತುತ್ತಾನೆ. ಇಲ್ಲಿ ಬೆಲೆ ಕೂಗುವವರೇ ಇಲ್ಲ, ಮೂವತ್ತು ತಂಡಗಳು ಎರಡು ಸುತ್ತಿನಲ್ಲಿ ಸರದಿಯಂತೆ ಒಬ್ಬೊಬ್ಬನನ್ನು ಹೆಸರಿಸುತ್ತವೆ, ಹೆಸರಿಸಿದ ತಂಡ ತನಗೆ ಬೇಡವೆಂದರೂ ಹುಡುಗನು ಆ ವರ್ಷ ಬೇರೆ ತಂಡಕ್ಕೆ ಹೋಗುವಂತಿಲ್ಲ, ಮತ್ತು ಕಳೆದ ಋತುವಿನಲ್ಲಿ ಹೆಚ್ಚು ಸೋತವರಿಗೆ ಸರದಿ ಮೊದಲು ಬರುತ್ತದೆ ಎಂದು ವಿವರಿಸಿದೆ. ಅವರು ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ಬೇಕೂಂತಲೇ ಸೋಲುವವರು ಇರ್ಲಿಕ್ಕಿಲ್ವಾ?" ಎಂದರು. ಆ ಲೀಗಿನ ಆಡಳಿತದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಅವರು ಚಾಯದ ಲೋಟ ಕೆಳಗಿಡುವ ಮೊದಲೇ ಕೇಳಿಬಿಟ್ಟಿದ್ದರು. ಅದನ್ನು ತಡೆಯಲೆಂದೇ 1985ರಿಂದ ಮೊದಲ ಕೆಲವು ಸರದಿಗಳಿಗೆ ಲಾಟರಿ ಇದೆ. ಹದಿನಾಲ್ಕು ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ, ಹಾಗೆ ಒದಗುವ ಸಾವಿರದ ಒಂದು ಜೋಡಣೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಪ್ಲೇ ಆಫ್ ತಲುಪದ ತಂಡಗಳಿಗೆ ಹಂಚಿರುತ್ತಾರೆ. ಆಗ, 2015ರಲ್ಲಿ, ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸ್ಥಾನ ಸಿಗುವ ಸಾಧ್ಯತೆ ಶೇಕಡಾ 25 ಇತ್ತು. 2019ರಿಂದ ಕೊನೆಯ ಮೂರು ತಂಡಗಳಿಗೂ ಸಮನಾಗಿ ಶೇಕಡಾ 14 ಮಾಡಿದರು. ಆ ದಿನಗಳಲ್ಲಿ ಫಿಲಡೆಲ್ಫಿಯಾ ತಂಡ ಮುಚ್ಚುಮರೆಯಿಲ್ಲದೆ ಸೋಲುತ್ತ ಹೊಸ ಹುಡುಗರನ್ನು ಕೂಡಿಹಾಕುತ್ತಿತ್ತು. ಮರುವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು 10 ಮಾತ್ರ.

ಮೊದಲ ಹೆಸರು ಕಾರ್ಲ್ ಆಂಥನಿ ಟೌನ್ಸ್, ಮಿನೆಸೋಟ ತಂಡಕ್ಕೆ. ಫಿಲಡೆಲ್ಫಿಯಾ ಮೂರನೆಯವನಾಗಿ ಜಲೀಲ್ ಒಕಾಫೋರ್‌ನನ್ನು ಕರೆಯಿತು. ನಾಲ್ಕನೆಯದಾಗಿ ನ್ಯೂಯಾರ್ಕ್ ತಂಡ ಲಾಟ್ವಿಯಾದ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್‌ನನ್ನು ಹೆಸರಿಸಿದಾಗ ಸಭಾಂಗಣವೇ ಕೂಗಾಡಿತು, ಆ ತಂಡದ ಅಂಗಿ ತೊಟ್ಟ ಒಬ್ಬ ಚಿಕ್ಕ ಹುಡುಗ ಕಣ್ಣೀರು ಹಾಕಿದ್ದನ್ನು ಕ್ಯಾಮೆರಾ ತೋರಿಸಿತು. ಕೆಂಟಕಿಯ ಕಾಲೇಜು ತಂಡದಲ್ಲಿ ಬೆಂಚಿನಿಂದ ಎದ್ದು ಬಂದು ಆಡುತ್ತಿದ್ದ ಡೆವಿನ್ ಬುಕರ್ ಹದಿಮೂರನೆಯವನಾಗಿ ಫೀನಿಕ್ಸ್ ಸೇರಿದ್ದನ್ನು ನಾವು ಸರಿಯಾಗಿ ಗಮನಿಸಲೂ ಇಲ್ಲ. ಇಂದು ಆ ಪಟ್ಟಿ ಓದಿದರೆ ನಗು ಬರುತ್ತದೆ. ಬುಕರ್ 2017ರಲ್ಲಿ ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 70 ಅಂಕ ಗಳಿಸಿದ. ಕೂಗಾಟಕ್ಕೆ ಗುರಿಯಾದ ಪೋರ್ಜಿಂಗಿಸ್ ಆಲ್‌ಸ್ಟಾರ್ ಆಗಿ, 2024ರಲ್ಲಿ ಬಾಸ್ಟನ್ನಿನೊಂದಿಗೆ ಪ್ರಶಸ್ತಿಯನ್ನೂ ಗೆದ್ದ. ಒಕಾಫೋರ್ ಮೊದಲ ವರ್ಷ ಚೆನ್ನಾಗಿ ಅಂಕ ಗಳಿಸಿ, ಬುಟ್ಟಿಯ ಬಳಿ ಬೆನ್ನು ಕೊಟ್ಟು ನಿಂತು ಆಡುವ ಶೈಲಿಯನ್ನೇ ಲೀಗು ಕೈಬಿಡುತ್ತಿದ್ದಂತೆ ಹಿಂದೆ ಉಳಿದ.

ಎರಡನೆಯ ಸುತ್ತು ಆರಂಭವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಇದನ್ನು ಯಾರೂ ವಿಶೇಷವೆಂದು ಹೇಳುವುದಿಲ್ಲ. ಶಾಲೆಗೆ ಹೊರಡುವ ಹೊತ್ತಾಗಿತ್ತು. ಬಸ್ಸು ಕಾಯುತ್ತ, ಅಂಗಡಿಯ ಮಾಡಿನಡಿ ನಿಂತು ಮೊಬೈಲಿನಲ್ಲಿ ನೋಡುತ್ತಿದ್ದಾಗ ಡಲ್ಲಾಸ್ ಮೇವರಿಕ್ಸ್ ತಂಡ ಐವತ್ತೆರಡನೆಯ ಆಯ್ಕೆಯಾಗಿ ಸತ್ನಾಮನ ಹೆಸರು ಹೇಳಿದ ಸುದ್ದಿ ಬಂತು. ಮಾವ ಅಂಗಡಿಯಲ್ಲಿದ್ದ ಎಲ್ಲರಿಗೂ ಅದನ್ನು ಸಾರಿದರು. ಅರ್ಧ ಜನರಿಗೆ ಅದು ಯಾವ ಆಟವೆಂದೇ ತಿಳಿಯಲಿಲ್ಲ. ಹುಡುಗ ಮಾತ್ರ ನನ್ನ ಬಳಿ ಬಂದು ಮೆಲ್ಲಗೆ, "ಮಾಷ್ಟ್ರೇ, ಇನ್ನು ಇವರಿಗೆ ಆಡ್ಲಿಕ್ಕೆ ಸಿಗ್ತದಾ?" ಎಂದು ಕೇಳಿದ.

ಆ ಪ್ರಶ್ನೆ ಇಡೀ ದಿನ ನನ್ನನ್ನು ಬಿಡಲಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಕರಾರಿನಲ್ಲಿ ಮೊದಲೆರಡು ವರ್ಷಗಳ ಸಂಬಳ ಖಚಿತ, ಮುಂದಿನ ಎರಡು ವರ್ಷ ತಂಡದ ಇಷ್ಟ. ಎರಡನೆಯ ಸುತ್ತಿನವನಿಗೆ ಅಂಥ ಭರವಸೆ ಏನೂ ಇಲ್ಲ, ಅವನ ಮೇಲೆ ಹಕ್ಕು ಆ ತಂಡದ್ದು ಎಂಬುದಷ್ಟೇ. ಲುಧಿಯಾನದ ಅಕಾಡೆಮಿಯಿಂದ ಹದಿನಾಲ್ಕರ ವಯಸ್ಸಿನಲ್ಲಿ, ಇಂಗ್ಲಿಷಿನ ಗಂಧವಿಲ್ಲದೆ ಫ್ಲೋರಿಡಾಕ್ಕೆ ಹೋದ ಸತ್ನಾಮ್ ಕಾಲೇಜು ತಂಡದಲ್ಲಾಗಲಿ ಬೇರೆ ವೃತ್ತಿಪರ ಲೀಗಿನಲ್ಲಾಗಲಿ ಆಡದೆಯೇ ಅಲ್ಲಿಗೆ ತಲುಪಿದ್ದ. ಡಲ್ಲಾಸ್ ಅವನನ್ನು ತನ್ನ ಕಿರಿಯ ತಂಡವಾದ ಟೆಕ್ಸಸ್ ಲೆಜೆಂಡ್ಸ್‌ಗೆ ಕಳುಹಿಸಿತು. ಅಲ್ಲಿಯೂ ಅವನು ಹೆಚ್ಚಾಗಿ ಬೆಂಚಿನಲ್ಲೇ ಇದ್ದ, ಎನ್.ಬಿ.ಎ.ಯ ಒಂದು ಪಂದ್ಯವನ್ನೂ ಆಡದೆ 2017ರಲ್ಲಿ ಹಿಂತಿರುಗಿದ. ಹಿರಿಯ ತಂಡ, ಕಿರಿಯ ತಂಡ ಎರಡರಲ್ಲೂ ಒಬ್ಬ ಹುಡುಗನನ್ನು ಇಟ್ಟುಕೊಂಡು ಬೆಳೆಸಲು ಅವಕಾಶ ಕೊಡುವ ಟೂ ವೇ ಕರಾರು ಜಾರಿಗೆ ಬಂದದ್ದು ಅದೇ 2017ರಲ್ಲಿ. ಮುಂದೆ ಉದ್ದೀಪನ ಮದ್ದಿನ ನಿಷೇಧ, ಆಮೇಲೆ ಅಮೆರಿಕದಲ್ಲಿ ಕುಸ್ತಿ ಪ್ರದರ್ಶನ. ಆ ಕಥೆ ಬೇರೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದವನು ಸರ್ಬಿಯಾದ ನಿಕೋಲಾ ಯೋಕಿಚ್. ಹಿಂದಿನ ವರ್ಷ, 2014ರಲ್ಲಿ, ಡೆನ್ವರ್ ಅವನನ್ನು ನಲವತ್ತೊಂದನೆಯವನಾಗಿ ಆರಿಸಿತ್ತು; ಅವನೂ ಎರಡನೆಯ ಸುತ್ತಿನವನೇ, ಅವನೂ ಎತ್ತರದವನೇ, ಹಾರುವುದರಲ್ಲಿ ಸತ್ನಾಮನಿಗಿಂತ ಹೆಚ್ಚೇನೂ ಅಲ್ಲ. ಆದರೆ ಡೆನ್ವರ್ ಅವನನ್ನು ತಕ್ಷಣ ಕರೆಸಲಿಲ್ಲ. ಇನ್ನೊಂದು ವರ್ಷ ಅವನು ಸರ್ಬಿಯಾದಲ್ಲೇ, ತನ್ನ ಭಾಷೆಯ ಊರಿನಲ್ಲಿ, ಪಂದ್ಯದ ಹೆಚ್ಚು ಹೊತ್ತು ತನ್ನನ್ನು ಆಡಿಸುವಂಥ ತಂಡದಲ್ಲಿ ಆಡಿ, ಆಡ್ರಿಯಾಟಿಕ್ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡೇ ಅಮೆರಿಕಕ್ಕೆ ಬಂದ. ಆತ 2021, 2022 ಮತ್ತು 2024ರಲ್ಲಿ ಎನ್.ಬಿ.ಎ.ಯ ಶ್ರೇಷ್ಠ ಆಟಗಾರನಾದ, 2023ರಲ್ಲಿ ಡೆನ್ವರಿಗೆ ಮೊದಲ ಪ್ರಶಸ್ತಿ ತಂದ. ಇಬ್ಬರ ಪ್ರತಿಭೆಯನ್ನು ಸಮವೆಂದು ನಾನು ಹೇಳುವುದಿಲ್ಲ, ಯೋಕಿಚನ ಪಾಸು ಕಲಿಸಿ ಬರುವಂಥದ್ದಲ್ಲ. ಆದರೂ ಹದಿನೆಂಟು ಹತ್ತೊಂಬತ್ತರಲ್ಲಿ ಒಬ್ಬನಿಗೆ ಸಿಕ್ಕ ಆಟದ ನಿಮಿಷಗಳು ಇನ್ನೊಬ್ಬನಿಗೆ ಸಿಗಲಿಲ್ಲವೆಂಬುದು ಅಂಕಿಗಳ ಪಟ್ಟಿ ಇಲ್ಲದೆಯೂ ಕಾಣುತ್ತದೆ. ನೀರಿನ ಪಕ್ಕದಲ್ಲಿ ಕುಳಿತು ಈಜು ಕಲಿತವರನ್ನು ನಾನಂತೂ ಕಂಡಿಲ್ಲ.

ಇದರಲ್ಲಿ ಸತ್ನಾಮನ ಮತ್ತು ಯೋಕಿಚನ ಮುಂದಿನ ಕಥೆ ನನಗೆ ಆ ದಿನ ತಿಳಿದಿರಲಿಲ್ಲ. ಕರಾರಿನ ನಿಯಮಗಳಷ್ಟೇ ತಿಳಿದಿದ್ದವು. ನನ್ನ ಕಣ್ಣೆದುರಿಗಿದ್ದ ಉದಾಹರಣೆ ಕಬಡ್ಡಿಯದು. ನಮ್ಮ ಸೀಮೆಯಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ, ದೇವಸ್ಥಾನದ ಮೈದಾನದಲ್ಲಿ, ಕ್ಲಬ್ಬುಗಳ ಪಂದ್ಯಾಟಗಳಲ್ಲಿ ಮೀಸೆ ಮೂಡುವ ಮೊದಲೇ ಹುಡುಗರಿಗೆ ರೈಡಿಗೆ ಹೋಗುವ ಅವಕಾಶ ಸಿಗುತ್ತದೆ. ಇಲ್ಲಿಂದ ಒಳ್ಳೆಯ ಕಬಡ್ಡಿಯವರು ಬರುವುದಕ್ಕೆ ಬೇರೆ ಗುಟ್ಟೇನೂ ಇಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗನ ಮನೆಗೆ ಹೋದೆ. ಅಲ್ಲಿಂದಲೇ ಹಾಸ್ಟೆಲಿನ ಕೋಚಿಗೆ ಫೋನು ಮಾಡಿ, ಊಟ ತಿಂಡಿ, ಕೋಣೆ, ಶೂಗಳ ವಿಷಯ ಬಿಟ್ಟು, ಇವನನ್ನು ಪಂದ್ಯಕ್ಕೆ ಇಳಿಸುವುದು ಯಾವಾಗ ಎಂದು ನನಗೆ ಬರುವಷ್ಟು ಮಲಯಾಳದಲ್ಲಿ ಕೇಳಿದೆ. ಅವರು ಪ್ರಾಮಾಣಿಕರು. ಈಗಿರುವ ತಂಡ ಭರ್ತಿಯಾಗಿದೆ, ಮೊದಲ ವರ್ಷ ಬರಿಯ ಅಭ್ಯಾಸ, ಎರಡನೆಯ ವರ್ಷ ನೋಡೋಣ ಎಂದರು. ತಾಯಿ ನನ್ನ ಮುಖ ನೋಡಿ, "ಹಾಗಾದ್ರೆ ಬೇಡ ಅಲ್ವಾ ಮಾಷ್ಟ್ರೇ?" ಎಂದರು. ನಾನು ಹೌದೆನ್ನುವುದರಲ್ಲಿದ್ದೆ. ಅಷ್ಟರಲ್ಲಿ ಮಾವ, "ಇಲ್ಲಿದ್ರೆ ಎಷ್ಟು ನಿಮಿಷ ಆಡ್ತಾನೆ ಅಕ್ಕ? ನಮ್ಮಲ್ಲಿ ಬಾಸ್ಕೆಟ್‌ಬಾಲ್ ಕೋರ್ಟೇ ಇಲ್ಲವಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಮ್ಮೆ ಫೋನು ಹೋಯಿತು. ಈ ಸಲ ಮಾವನೇ ಮಾತಾಡಿದರು, ನನಗಿಂತ ಒಳ್ಳೆಯ ಮಲಯಾಳದಲ್ಲಿ. ಹಾಸ್ಟೆಲಿನ ತಂಡದಲ್ಲಿ ಜಾಗವಿಲ್ಲದಿದ್ದರೆ ರಜಾದಿನಗಳಲ್ಲಿ ಆ ಊರಿನ ಕ್ಲಬ್ಬಿನ ಪಂದ್ಯಗಳಿಗಾದರೂ ಅವನನ್ನು ಬಿಡಬೇಕೆಂದು ಕೇಳಿದರು. ಅಂಥ ಕರಾರನ್ನು ಯಾವ ಪಾಲಕರೂ ತನ್ನೆದುರು ಇಟ್ಟಿರಲಿಲ್ಲವೆಂದು ಕೋಚ್ ನಕ್ಕರಂತೆ, ಆದರೆ ಒಪ್ಪಿದರು. ತಾಯಿ ಮರುದಿನ ಒಪ್ಪಿದರು, ಮಲಯಾಳ ಅಕ್ಷರಗಳ ಪುಸ್ತಕವೊಂದನ್ನು ಚೀಲಕ್ಕೆ ಹಾಕಿಸಿಯೇ. ನಾನು ಹುಡುಗನಿಗೆ ಒಂದು ನೋಟುಪುಸ್ತಕ ಕೊಟ್ಟು, ಆಡಿದ ಪ್ರತಿ ಪಂದ್ಯದ ನಿಮಿಷಗಳನ್ನು ಮಾತ್ರ ಬರೆದಿಡಲು ಹೇಳಿದೆ. ಗಳಿಸಿದ ಅಂಕಗಳು ನನಗೆ ಬೇಡವಾಗಿದ್ದವು.

ಓಣಂ ರಜೆಗೆ ಬಂದವನು ಅದನ್ನು ತಂದು ತೋರಿಸಿದ. ಹೆಚ್ಚಿನ ಪುಟಗಳು ಖಾಲಿ. ಒಂದೆರಡು ಕಡೆ ಮೂರು ನಿಮಿಷ, ನಾಲ್ಕು ನಿಮಿಷ ಎಂದಿತ್ತು. ಕೊನೆಯದು ಕ್ಲಬ್ಬಿನ ಪಂದ್ಯ, ಅದರೆದುರು ಹೀಗೆ ಬರೆದಿದ್ದ: "ಹನ್ನೊಂದು ನಿಮಿಷ. ಐದು ಫೌಲ್, ಹೊರಗೆ ಹಾಕಿದರು." ಐದು ಫೌಲ್ ಮಾಡುವಷ್ಟು ಹೊತ್ತು ಯಾರೋ ಅವನನ್ನು ಅಂಗಳದಲ್ಲಿ ಬಿಟ್ಟಿದ್ದರು. ಪ್ರತಿಯೊಂದು ಫೌಲ್ ಹೇಗಾಯಿತು, ಕಾಲು ಎಲ್ಲಿತ್ತು, ಕೈ ಎಲ್ಲಿತ್ತು ಎಂದು ಅವನಿಂದಲೇ ಹೇಳಿಸುತ್ತ ಊಟದ ಹೊತ್ತಿನವರೆಗೆ ಚಾವಡಿಯಲ್ಲಿ ಕುಳಿತಿದ್ದೆವು. ಮೂರನೆಯದು ರೆಫರಿಯ ತಪ್ಪೆಂದು ಅವನು ಕೊನೆಯವರೆಗೂ ವಾದಿಸಿದ.